ಮಾಳಗಿ ಮ್ಯಾಲಿನ ಮಣ್ಣು: ಉಳಿಸೋದೋ, ಇಳಿಸೋದೋ?

ಅಕ್ಕಲಕೋಟ: ಅರ್ಧ ತಾಸು ಬಡಿದು ಹೋಗುವ ಮಳೆ ಈ ಭಾಗದ ಮಾಳಗಿ ಮನೆಗಳಿಗೆ ಹೊಸದಲ್ಲ. ತಲೆಮಾರುಗಳಿಂದ ಅದನ್ನು ತಡೆದುಕೊಂಡು ಬಂದಿವೆ. ಅವಕ್ಕೆ ಆಗಿಬಾರದ್ದು ಬಿಡುವಿಲ್ಲದೆ ಹಿಡಿದು ಕೂಡುವ ಮಳೆ. 2020ರ ಅಕ್ಟೋಬರ್‌ನ ಅತಿವೃಷ್ಟಿ ಒಂದು ಪೆಟ್ಟು ಕೊಟ್ಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಉಕ್ಕಿ ಸೋಲಾಪುರ ಜಿಲ್ಲೆಯ ದಂಡೆಯ ಊರುಗಳು ನೀರಲ್ಲಿ ನಿಂತವು. ಅದೇ ಹೊತ್ತಿಗೆ ನದಿಯಿಂದ ದೂರದ ಊರುಗಳಲ್ಲಿ ಮಾಳಗಿ ಮೇಲಿನ ಮಣ್ಣು ನೀರು ಕುಡಿದು ಕುಡಿದು ಭಾರವಾಯಿತು. ಕೆಲವು ಗೋಡೆ ಬಿದ್ದವು, ಕೆಲವು ಜಂತಿ ಮುರಿದವು. ಬೀಳದೇ ಉಳಿದ ಮನೆಗಳಲ್ಲಿ ಮಾತ್ರ ಒಂದೇ ಮಾತು ಶುರುವಾಯಿತು: ಈ ಮಾಳಗಿ ರಿಪೇರಿ ಮಾಡೋದೋ, ತೆಗೆದು ಬೇರೆ ಹಾಕೋದೋ?

ತಾಲೂಕಿನ ಪೂರ್ವಕ್ಕೆ, ಕರ್ನಾಟಕದ ಗಡಿಗೆ ಹತ್ತಿದ ಒಂದು ಊರಿನ ಎಂಟು ಅಂಕಣದ ಮನೆಯಲ್ಲಿ ಈ ಮಾತು ದೀಪಾವಳಿಯಿಂದ ಸಂಕ್ರಾಂತಿ ತನಕ ನಡೆಯಿತು. ಮುಂದಿನ ನಾಲ್ಕು ಅಂಕಣ ಪಡಸಾಲೆ ಮತ್ತು ನಡಮನೆ. ಹಿಂದಿನ ನಾಲ್ಕು ಅಡುಗೆ ಮನೆ ಮತ್ತು ದನ ಕಟ್ಟುವ ಜಾಗ. ಮನೆಯಲ್ಲಿ ಎಂಬತ್ತು ದಾಟಿದ ಅವ್ವ, ಏಳು ಎಕರೆ ಒಣಬೇಸಾಯ ನೋಡಿಕೊಂಡಿರುವ ಹಿರಿಯ ಮಗ, ಅವರ ಹೆಂಡತಿ, ಮದುವೆ ವಯಸ್ಸಿನ ಮಗ. ಕಿರಿಯ ಮಗ ಪುಣೆ ಹತ್ತಿರದ ಚಾಕಣದಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ವರ್ಷಕ್ಕೆ ಎರಡು ಸಲ ಬರುತ್ತಾರೆ, ಬಂದಾಗೊಮ್ಮೆ ಮೇಲೆ ನೋಡುತ್ತಾರೆ.

'ಅಣ್ಣಾ, ಎಷ್ಟು ದಿನ ಅಂತ ಇದರ ಮ್ಯಾಲ ಮಣ್ಣ ಹಾಕ್ಕೋತ ಕೂಡಾವ? ಕೆಡವಿ ಸ್ಲ್ಯಾಬ್ ಹಾಕೂಣು. ಸಾಲ ನಾ ಮಾಡ್ತೀನಿ' ಎಂಬುದು ತಮ್ಮನ ಮಾತು. 'ಸಾಲ ನೀ ಮಾಡ್ತಿ, ಆಮ್ಯಾಲ ಬ್ಯಾಸಗಿ ಯಾರ ತಗೀಬೇಕೋ? ಇಲ್ಲಿ ಇರಾವ್ರ ನಾವು' ಎಂಬುದು ಅಣ್ಣನ ಉತ್ತರ. ಇಬ್ಬರ ನಡುವೆ ಒಲೆ ಮುಂದೆ ಕೂತ ಅಣ್ಣನ ಹೆಂಡತಿಯ ಮಾತು ಬೇರೆಯೇ ಇತ್ತು. 'ಸೋರೂದು ನನ್ನ ಅಡಿಗಿ ಮನ್ಯಾಗ. ಏನರೆ ಮಾಡ್ರಿ, ಮಿರಗದ ಒಳಗ ಮಾಡ್ರಿ.'

ಹುಡುಗಿ ಕೊಡುವವರ ಪ್ರಶ್ನೆ

ಇದರ ಹಿಂದೆ ಇನ್ನೊಂದು ಒತ್ತಡವಿದೆ. ಗಡಿಯ ಈಚೆ ಆಚೆ ಬೀಗತನ ಇಂದಿಗೂ ನಡೆಯುತ್ತದೆ. ಅಫಜಲಪುರ, ಆಳಂದ, ಇಂಡಿ ಕಡೆಯಿಂದ ಹೆಣ್ಣು ತರುವುದು, ಅಲ್ಲಿಗೆ ಕೊಡುವುದು ಹಳೆಯ ರೂಢಿ. ಮೊದಲು ಹೊಲ ಎಷ್ಟು, ಬಾವಿ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದವರು ಈಗ ಮೊದಲು ಕೇಳುವುದು ಮನಿ ಸ್ಲ್ಯಾಬಿಂದು ಅದ ಏನು ಅಂತ. ಈ ಮನೆಗೆ ಬಂದ ಒಂದು ಸಂಬಂಧ ಚಹಾ ಕುಡಿದು, ಮೇಲಕ್ಕೆ ನೋಡಿ, 'ತಿಳಿಸ್ತೀವಿ' ಎಂದು ಹೋದದ್ದು ಮತ್ತೆ ತಿಳಿಸಲಿಲ್ಲ. ಹುಡುಗನಿಗೆ ಅದು ನಾಟಿದೆ. ಹಿರಿಯರು ಅದನ್ನು ನಗುತ್ತ ಹೇಳುತ್ತಾರೆ, ಹುಡುಗ ನಗುವುದಿಲ್ಲ.

ಹೀಗಾಗಿ ಮಾಳಗಿಯ ನಿರ್ಧಾರ ಬರೀ ಸೋರುವುದರ ನಿರ್ಧಾರವಾಗಿ ಉಳಿದಿಲ್ಲ. ಮಾನ, ಸಾಲ, ಅಣ್ಣತಮ್ಮಂದಿರ ಪಾಲು ಎಲ್ಲವೂ ಅದರೊಳಗೆ ಬಂದು ಕೂಡುತ್ತವೆ. ಈ ಗದ್ದಲದಲ್ಲಿ ನೋಡಲೇಬೇಕಾದ ಎರಡು ಸಂಗತಿ ಮರೆತು ಹೋಗುತ್ತವೆ. ಮೇಲೆ ಎಷ್ಟು ಭಾರ ಇದೆ? ಅದನ್ನು ಹೊತ್ತ ಕಟ್ಟಿಗೆ, ಗೋಡೆ ಹೇಗಿವೆ?

ಮಾಳಗಿ ಹೇಗೆ ನಿಲ್ಲುತ್ತದೆ

ನಮ್ಮ ಕಡೆ ಮಾಳಗಿ, ಮರಾಠಿಯಲ್ಲಿ ಮಾಳವದ ಅಥವಾ ಧಾಬ್ಯಾಚ ಘರ. ಹೆಸರು ಎರಡು, ಕಟ್ಟುವ ರೀತಿ ಒಂದೇ. ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲಿ, ತೊಲಿ ಮೇಲೆ ಜಂತಿ, ಜಂತಿ ಮೇಲೆ ಹಲಗಿ ಅಥವಾ ಸಣ್ಣ ಕಟ್ಟಿಗೆ. ಅದರ ಮೇಲೆ ಬೇವಿನ ತಪ್ಪಲು, ತೊಗರಿ ಕಟ್ಟಿಗೆ ಹಾಸಿ ಮಣ್ಣು ಹಾಕಿ ಬಡಿಯುವುದು. ಬೇವಿನ ತಪ್ಪಲು ಒರಲಿ ಬಾರದಿರಲಿ ಎಂದು. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಮರಾಠಿಯವರು ಖಣ ಎನ್ನುತ್ತಾರೆ. ಸುತ್ತ ಕಲ್ಲು ಮಣ್ಣಿನ ದಪ್ಪ ಗೋಡೆ.

ಮಾಳಗಿಗೆ ಯಾವ ಮಣ್ಣು ಬೇಕಾದರೂ ನಡೆಯುವುದಿಲ್ಲ. ಹೊಲದ ಎರಿ ಮಣ್ಣು ನೀರು ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆ ಬಿರುಕಿನಲ್ಲೇ ಮುಂದಿನ ಮಳೆ ಒಳಗೆ ಬರುತ್ತದೆ. ಅದಕ್ಕೆ ಬೇಕಾದದ್ದು ಊರ ದಿನ್ನೆಯ ಬಿಳಿ ಮಣ್ಣು, ಬಿದ್ದ ಹಳೆ ಗೋಡೆಯ, ಹಾಳು ಹುಡೇದ ಮಣ್ಣು. ನಾವು ಹಾಳಮಣ್ಣು ಎನ್ನುತ್ತೇವೆ, ಮರಾಠಿಯಲ್ಲಿ ಪಾಂಢರಿ ಮಾತಿ. ಉಪ್ಪಿನ ಅಂಶ ಇರುವ ಕರಲ ಮಣ್ಣಾದರೆ ಇನ್ನೂ ಒಳ್ಳೆಯದು. ನೀರು ಬಿದ್ದ ಕೂಡಲೇ ಮೇಲ್ಪದರ ಬಿಗಿದು ನೀರು ಕೆಳಗಿಳಿಯದಂತೆ ತಡೆಯುತ್ತದೆ, ಹುಲ್ಲು ಹುಟ್ಟಗೊಡುವುದಿಲ್ಲ. ಮಳೆ ಕಡಿಮೆ ಇರುವ ಈ ಸೀಮೆಗೆ ಇದಕ್ಕಿಂತ ಅಗ್ಗದ, ತಂಪಿನ ಮಾಳಗಿ ಇರಲಿಲ್ಲ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿದ್ದರೂ ನಡಮನೆಯಲ್ಲಿ ಚಾಪೆ ಹಾಸಿ ಮಲಗಬಹುದು ಎಂದು ಅವ್ವ ಹೇಳುವುದು ಉತ್ಪ್ರೇಕ್ಷೆ ಏನಲ್ಲ.

ತೊಂದರೆ ಇರುವುದು ಪ್ರತಿ ವರ್ಷದ ಆರೈಕೆಯಲ್ಲಿ. ಮಿರಗದ ಮಳೆ ಬರುವ ಮುಂಚೆ ಹೊಸ ಮಣ್ಣು ತಂದು ಹಾಕಿ ಬಡಿಯಬೇಕು. ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕುವುದು ಸರಿಯಾದ ಪದ್ಧತಿ. ಆದರೆ ತೆಗೆಯುವುದು ಎರಡು ದಿನದ ಕೆಲಸ, ಹಾಕುವುದು ಅರ್ಧ ದಿನದ್ದು. ಬಹಳ ಮನೆಗಳಲ್ಲಿ ಬರೀ ಹಾಕುತ್ತ ಬಂದರು. ಎಲ್ಲಿ ಸೋರಿತೋ ಅಲ್ಲಿ ಇನ್ನೆರಡು ಬುಟ್ಟಿ. ಹೀಗೆ ಅಜ್ಜನ ಕಾಲದ ಒಂದು ಗೇಣು ಮಣ್ಣು ಮೊಮ್ಮಗನ ಕಾಲಕ್ಕೆ ಮೊಳ ದಾಟಿತು.

ಈ ಮನೆಯಲ್ಲೂ ಹಾಗೆಯೇ ಆಗಿತ್ತು. ಹತ್ತಿರದ ಊರಿನ ಹಿರಿಯ ಗೌಂಡಿಯೊಬ್ಬರು ಬಂದು, 'ಮಾತ ಆಮ್ಯಾಲ, ಮೊದಲ ಒಂದು ತಗ್ಗ ತಗೀರಿ' ಎಂದರು. ಮಾಳಗಿ ಮೇಲೆ ಮೂರು ಕಡೆ ಹಾರಿಯಿಂದ ಕುಣಿ ತೋಡಿ ಅಳೆದರು. ಮನೆಯವರ ಅಂದಾಜು ಒಂದು ಫೂಟು. ಸಿಕ್ಕದ್ದು ಮುಂದಿನ ಅಂಕಣದಲ್ಲಿ ಒಂದೂವರೆ ಫೂಟು, ಅಡುಗೆ ಮನೆ ಮೇಲೆ ಎರಡು ಫೂಟಿನ ಮೇಲೆ. ಕುಣಿಯ ಬದಿಗೆ ಪದರ ಪದರವಾಗಿ ವರ್ಷಗಳು ಕಾಣುತ್ತಿದ್ದವು. ಬೂದಿ, ಹೊಟ್ಟು, ಒಡೆದ ಬಳೆ ಚೂರು.

ಭಾರದ ಲೆಕ್ಕ

ಹತ್ತು ಫೂಟು ಅಗಲ, ಹನ್ನೆರಡು ಫೂಟು ಉದ್ದದ ಒಂದು ಕೋಣೆ ಹಿಡಿಯಿರಿ. ಮೇಲೆ ಎರಡು ಫೂಟು ಮಣ್ಣಿದ್ದರೆ 240 ಘನ ಫೂಟು. ಒಣ ಮಣ್ಣು ಘನ ಮೀಟರಿಗೆ 1,600 ಕಿಲೋ ಎಂದು ಹಿಡಿದರೂ ಹತ್ತಿರ ಹತ್ತಿರ 109 ಕ್ವಿಂಟಲ್. ನೂರು ಕ್ವಿಂಟಲಿಗೂ ಹೆಚ್ಚು ತೊಗರಿ ರಾಶಿಯನ್ನು ಮಾಳಗಿ ಮೇಲೆ ಒಟ್ಟಿ, ಅದರ ಕೆಳಗೆ ಹಾಸಿಗೆ ಹಾಸಿಕೊಂಡು ಮಲಗಿದ ಹಾಗೆ. ಮಳೆಗೆ ನೆನೆದರೆ ಭಾರ ಇನ್ನೂ ಏರುತ್ತದೆ. ಅದೇ ಮಣ್ಣನ್ನು ಎಂಟು ಇಂಚಿಗೆ ಇಳಿಸಿದರೆ 36 ಕ್ವಿಂಟಲ್. ಅದೇ ಕೋಣೆಗೆ ಐದು ಇಂಚಿನ ಸ್ಲ್ಯಾಬ್ ಹಾಕಿದರೆ 35 ಕ್ವಿಂಟಲ್ ಆಸುಪಾಸು. ಪತ್ರಾ ಹಾಕಿದರೆ ಪೈಪು ಸೇರಿಸಿಯೂ ಒಂದೆರಡು ಕ್ವಿಂಟಲ್.

ಸ್ಲ್ಯಾಬ್ ಹಗುರ ಎಂದು ಈ ಲೆಕ್ಕ ನೋಡಿ ಕುಣಿಯಬಾರದು. ಇದೇ ಜಾಗದಲ್ಲಿ ಬಹಳ ಜನ ಎಡವುತ್ತಾರೆ. ಮಾಳಗಿ ಮನೆಯಲ್ಲಿ ಭಾರದ ದೊಡ್ಡ ಪಾಲನ್ನು ಹೊರುವುದು ಕಂಬ ಮತ್ತು ತೊಲಿ. ಗೋಡೆ ಸುತ್ತಲಿನ ಆವರಣ, ಜಂತಿಯ ತುದಿಗೆ ಆಸರೆ. ಕಂಬ ತೊಲಿ ತೆಗೆದು, ಅದೇ ಹಳೆಯ ಕಲ್ಲು ಮಣ್ಣಿನ ಗೋಡೆ ಮೇಲೆ ಸ್ಲ್ಯಾಬ್ ಕೂಡಿಸಿದರೆ ಪೂರ್ತಿ ಭಾರ ಗೋಡೆಗೆ ಬರುತ್ತದೆ. ಸಿಮೆಂಟಿನ ಕಟ್ಟು ಇಲ್ಲದ, ಮಣ್ಣಿನಿಂದ ಕೂಡಿಸಿದ ಗೋಡೆ ಅದು. 'ಗ್ವಾಡಿ ಅದ ಅಲ್ಲ, ಅದರ ಮ್ಯಾಲ ಸ್ಲ್ಯಾಬ್ ಒಗೀರಿ, ಖರ್ಚ ಉಳಿತದ' ಎನ್ನುವ ಗುತ್ತಿಗೆದಾರರು ಪ್ರತಿ ಊರಲ್ಲೂ ಇದ್ದಾರೆ. ಉಳಿಯುವುದು ಖರ್ಚು ಮಾತ್ರ.

ಕಿಲ್ಲಾರಿ ಮರೆಯದವರು

ಐವತ್ತು ದಾಟಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿಗೆ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಬಾಕಿ ಇದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ, ಲೋಹಾರಾ ಕಡೆ ನೆಲ ನಡುಗಿತು. ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ಎಂಟರಿಂದ ಹತ್ತು ಸಾವಿರದಷ್ಟು ಜನ ಹೋದರು. ಕಿಲ್ಲಾರಿ ಅಕ್ಕಲಕೋಟದಿಂದ ನೇರ ಅಳತೆಯಲ್ಲಿ ಎಪ್ಪತ್ತೈದು ಕಿ.ಮೀ. ಆಸುಪಾಸು. ಇಲ್ಲಿಯೂ ಪಾತ್ರೆ ಉರುಳಿದವು, ಜನ ಅಂಗಳಕ್ಕೆ ಓಡಿದರು. ಅವ್ವನಿಗೆ ಅದು ನೆನಪಿದೆ. 'ಆ ಮ್ಯಾಲ ಎಂಟ ದಿನ ಯಾರೂ ಒಳಗ ಮಲಗಲಿಲ್ಲ' ಎನ್ನುತ್ತಾರೆ.

ಭೂಕಂಪದ ನಂತರ ನೋಡಿದ ಇಂಜಿನಿಯರರು ಕಂಡುಕೊಂಡದ್ದು ಎರಡು ಮಾತು. ಕೊಂದದ್ದು ಬಹುಮಟ್ಟಿಗೆ ಕಲ್ಲು ಮಣ್ಣಿನ ದಪ್ಪ ಗೋಡೆ ಮತ್ತು ಮೇಲಿನ ಮಣ್ಣಿನ ಭಾರ. ಗೋಡೆಯ ಒಳಮುಖ, ಹೊರಮುಖ ಬೇರೆ ಬೇರೆಯಾಗಿ ಕಟ್ಟಿ ನಡುವೆ ಚಿಪ್ಪುಕಲ್ಲು, ಮಣ್ಣು ತುಂಬಿದ್ದರಿಂದ ಅಲುಗಾಡಿದ ಕೂಡಲೇ ಎರಡೂ ಸೀಳಿಕೊಂಡು ಬಿದ್ದವು. ಇನ್ನೊಂದು ಕಡೆ, ಗೋಡೆ ಬಿದ್ದರೂ ಕಂಬ ತೊಲಿಯ ಕಟ್ಟಿಗೆ ಚೌಕಟ್ಟು ಎಷ್ಟೋ ಕಡೆ ನಿಂತಿತ್ತು. ಆಗ ಹಳೆ ಮನೆ ಬಲಪಡಿಸಲು ಕೊಟ್ಟ ಸಲಹೆಗಳು ಇಂದಿಗೂ ಹಳಸಿಲ್ಲ. ಮಾಳಗಿ ಮಣ್ಣನ್ನು 200 ಮಿ.ಮೀ.ಗೆ, ಅಂದರೆ ಎಂಟು ಇಂಚಿಗೆ ಇಳಿಸಬೇಕು. ಮಣ್ಣಿನ ಪದರದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರಿಗೆ ದಪ್ಪ ಮಣ್ಣು ಬೇಕಾಗುವುದಿಲ್ಲ. ಕಂಬ ಮತ್ತು ತೊಲಿ ಕೂಡುವ ಮೂಲೆಗೆ ಓರೆಯಾಗಿ ಆಸರೆ ಕಟ್ಟಿಗೆ ಹೊಡೆಯಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ತೆಗೆದು, ಬಗ್ಗಿಸಿದ ಸಳಿ ಇಟ್ಟು ಕಾಂಕ್ರೀಟ್ ತುಂಬಿದರೆ ಎರಡೂ ಮುಖ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಇದರಲ್ಲಿ ಯಾವುದೂ ಊರ ಬಡಿಗ, ಗೌಂಡಿ ಕೈಲಾಗದ ಕೆಲಸವಲ್ಲ.

ದುರ್ದೈವ ಎಂದರೆ ಕಿಲ್ಲಾರಿಯ ನಂತರ ಜನರ ತಲೆಯಲ್ಲಿ ಉಳಿದದ್ದು 'ಮಾಳಗಿ ಮನಿ ಕೆಟ್ಟದ್ದು' ಎಂಬಷ್ಟೇ. ಭಾರ ಕೆಟ್ಟದ್ದು ಎಂಬುದು ಉಳಿಯಲಿಲ್ಲ.

ಬಡಿಗನ ಉಳಿ, ಗೌಂಡಿಯ ಓಳಂಬಾ

ಮಣ್ಣು ಅಳೆದ ಮರುದಿನ ಬಡಿಗ ಬಂದ. ಉಳಿ ಹಿಡಿದು ಒಂದೊಂದು ಜಂತಿ ಚುಚ್ಚಿ ನೋಡಿದ. ನಡುವೆ ಗಟ್ಟಿ ಇರುವ ಜಂತಿ ಗೋಡೆಯೊಳಗೆ ಹೂತ ತುದಿಗೆ ಬಂದರೆ ಮೆತ್ತಗೆ. ಗೋಡೆಯ ತೇವ ಕುಡಿಯುವುದು ಆ ತುದಿಯೇ, ಒರಲಿ ಹತ್ತುವುದೂ ಅಲ್ಲಿಂದಲೇ. ಕೆಳಗೆ ನಿಂತು ಮೇಲೆ ನೋಡಿದರೆ ಅದು ಕಾಣುವುದಿಲ್ಲ. ಉಳಿ ಒಂದು ಬೆರಳಿನಷ್ಟು ಸಲೀಸಾಗಿ ಹೋದರೆ ಆ ಜಂತಿ ಹೋಯಿತೆಂದೇ ಲೆಕ್ಕ. ಮುಂದಿನ ನಾಲ್ಕು ಅಂಕಣದಲ್ಲಿ ಅಂಥವು ಮೂರು. ಹಿಂದಿನ ನಾಲ್ಕರಲ್ಲಿ ಹನ್ನೊಂದು, ಜೊತೆಗೆ ಒಂದು ತೊಲಿ ನಡುವೆ ಬಾಗಿತ್ತು.

ಗೌಂಡಿ ಓಳಂಬಾ ಬಿಟ್ಟು ಗೋಡೆ ನೋಡಿದರು. ಮುಂದಿನದು ನೆಟ್ಟಗಿತ್ತು. ಹಿಂದಿನ ಗೋಡೆಗೆ ಹೊಟ್ಟೆ ಬಂದಿತ್ತು, ನಡುವೆ ನಾಲ್ಕು ಬೆರಳು ಹೊರಗೆ. ಸೋರಿದ ನೀರು ಗೋಡೆಯ ಹೊಟ್ಟೆಯೊಳಗೆ ಇಳಿದು ಮಣ್ಣನ್ನು ತೊಳೆದುಕೊಂಡು ಹೋದ ಗುರುತು ಅದು. 'ಇದಕ್ಕ ಮ್ಯಾಲ ಏನ ಹಾಕ್ತೀರಿ ಅಂತ ಕೇಳಬ್ಯಾಡ್ರಿ. ಈ ಗ್ವಾಡಿ ಮ್ಯಾಲ ಏನೂ ಹಾಕಬಾರದು' ಎಂದು ಗೌಂಡಿ ಹೇಳಿದರು. ಅಲ್ಲಿಗೆ ಅರ್ಧ ಜಗಳ ಮುಗಿಯಿತು. ರಿಪೇರಿಯೋ ಬದಲಿಯೋ ಎಂಬ ಪ್ರಶ್ನೆಗೆ ಇಡೀ ಮನೆಗೆ ಒಂದೇ ಉತ್ತರ ಇರಬೇಕು ಎಂದು ಯಾರು ಹೇಳಿದ್ದು?

ಕಾಗದ ಏನು ಹೇಳುತ್ತದೆ

ನಡುವೆ ಘರಕುಲದ ಆಸೆ ಒಂದಿತ್ತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ ಕೇಂದ್ರದ ಪ್ರಮಾಣ 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಮಾಳಗಿ ಮನೆ ಕಚ್ಚಾ ಲೆಕ್ಕಕ್ಕೆ ಬರುತ್ತದೆ ನಿಜ. ಆದರೆ ನೀರಾವರಿ ಇಲ್ಲದ ಜಮೀನು ಐದು ಎಕರೆ ಅಥವಾ ಹೆಚ್ಚು ಇದ್ದವರು ಆ ಯೋಜನೆಯಿಂದ ಹೊರಗೆ. ಈ ಮನೆಯ ಏಳು ಎಕರೆ ಸಾತಬಾರಾದಲ್ಲಿ ಇನ್ನೂ ಕೂಡಿಯೇ ಇದೆ. ಅಣ್ಣತಮ್ಮ ವಾಟಣಿ ಮಾಡಿಕೊಂಡರೆ ಒಬ್ಬೊಬ್ಬರಿಗೆ ಮೂರೂವರೆ ಎಕರೆ. 'ಘರಕುಲಕ್ಕಾಗಿ ಮನಿ ಒಡೀಬೇಕೇನು?' ಎಂದು ಅವ್ವ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಇನ್ನೊಂದು ಮಾತು ನೆನಪಿಡಬೇಕು. ಘರಕುಲದ ಹಣ ಹೊಸ ಮನೆಗೆ, ಹಳೆ ಮಾಳಗಿಯ ಮಣ್ಣು ಇಳಿಸುವುದಕ್ಕಲ್ಲ. ಪಕ್ಕದಲ್ಲಿ ಸಣ್ಣ ಸ್ಲ್ಯಾಬ್ ಮನೆ ಎಬ್ಬಿಸಿ, ಹಳೆ ವಾಡೆಯನ್ನು ಬೀಳಲು ಬಿಟ್ಟ ಉದಾಹರಣೆ ಪ್ರತಿ ಓಣಿಯಲ್ಲಿ ಸಿಗುತ್ತವೆ. ಬಿದ್ದ ಮೇಲೆ ಕಟ್ಟಿಗೆ ವ್ಯಾಪಾರಿ ಟೆಂಪೋ ತರುತ್ತಾನೆ. ಸಾಗವಾನಿ ತೊಲಿಯನ್ನು ಸೌದೆ ಧಾರಣೆಗೆ ಕೇಳುತ್ತಾನೆ.

ಮಳೆ ನಷ್ಟದ ಪರಿಹಾರವೂ ಸೋರಿದ್ದಕ್ಕೆ ಬರುವುದಿಲ್ಲ. 2022–26ರ ಕೇಂದ್ರದ ಮಾನದಂಡದ ಪ್ರಕಾರ ಮನೆಗೆ ಕನಿಷ್ಠ ಶೇ. 15ರಷ್ಟು ಹಾನಿ ಆಗಿರಬೇಕು. ಆಗಲೂ ಭಾಗಶಃ ಬಿದ್ದ ಕಚ್ಚಾ ಮನೆಗೆ 4,000 ರೂಪಾಯಿ, ಪಕ್ಕಾ ಮನೆಗೆ 6,500. ಪೂರ್ತಿ ಬಿದ್ದರೆ 1.20 ಲಕ್ಷ. ಅಂದರೆ ಬಿದ್ದ ಮೇಲೆ ಹಣ ಇದೆ, ಬೀಳದಂತೆ ನೋಡಿಕೊಳ್ಳುವುದಕ್ಕೆ ಇಲ್ಲ. ತಲಾಠಿ ಪಂಚನಾಮೆಗೆ ಬರುವ ಮುಂಚೆ ಬಿದ್ದ ಗೋಡೆ ಎತ್ತಿ ಹಾಕಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ ಎಂಬ ಮಾತು ಮಾತ್ರ ಎಲ್ಲರಿಗೂ ಅನ್ವಯ.

ಸ್ಲ್ಯಾಬ್ ಹಾಕುವವರು ಗ್ರಾಮ ಪಂಚಾಯತಿಯ ನಮೂನಾ 8 ಕೂಡ ನೋಡಬೇಕು. ಮಣ್ಣಿನ ಮನೆ, ಕಲ್ಲು ಮಣ್ಣಿನ ಮನೆ, ಸಿಮೆಂಟಿನ ಮನೆ, ಆರ್‌ಸಿಸಿ ಮನೆ ಎಂದು ವರ್ಗ ಬೇರೆ, ಘರಪಟ್ಟಿಯ ದರವೂ ಬೇರೆ. ದೊಡ್ಡ ಮೊತ್ತ ಅಲ್ಲ, ಆದರೆ ಉತಾರಾ ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ಸಾಲಕ್ಕೆ ಬ್ಯಾಂಕು ಅಲ್ಲಿಯೇ ನಿಲ್ಲಿಸುತ್ತದೆ. ಈ ಮನೆಯ ಉತಾರಾ ಹಾಗೆಯೇ ಇದೆ.

ಮೂರು ಅಂದಾಜು

ಗೌಂಡಿ ಮತ್ತು ಬಡಿಗ ಕೂಡಿ ಕೊಟ್ಟ ಅಂದಾಜು ಹೀಗಿತ್ತು. ಇಡೀ ಮನೆ ಕೆಡವಿ, ಪಾಯಾ ತೆಗೆದು, ಕಾಲಂ ಎಬ್ಬಿಸಿ ಸ್ಲ್ಯಾಬ್ ಹಾಕಿದರೆ ಹದಿನಾಲ್ಕು ಹದಿನೈದು ಲಕ್ಷ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ ಎಂದು ತಮ್ಮ ನೆನಪಿಸಿದರು. ಇಳಿದದ್ದು ನಿಜ, ಆದರೆ ಮನೆಯ ಖರ್ಚಿನಲ್ಲಿ ಸಿಮೆಂಟು ಒಂದು ಪಾಲು. ಉಸುಕು, ಸಳಿ, ಕೂಲಿ ಬೇರೆ ಇವೆ. ಇಡೀ ಮಾಳಗಿ ತೆಗೆದು ಪತ್ರಾ ಹಾಕಿದರೆ ಒಂದೂಮುಕ್ಕಾಲು ಲಕ್ಷ. ಮಣ್ಣು ಇಳಿಸಿ, ಕೆಟ್ಟ ಜಂತಿ ಬದಲಿಸಿ, ಹಿಂದಿನ ಗೋಡೆ ಮಾತ್ರ ಹೊಸದಾಗಿ ಕಟ್ಟಿದರೆ ಎರಡೂವರೆ ಲಕ್ಷದ ಒಳಗೆ.

ಪತ್ರಾದ ವಿಷಯದಲ್ಲಿ ಅಣ್ಣನ ಹೆಂಡತಿಗೆ ಸ್ವಂತ ಅನುಭವ ಇತ್ತು. ಅವರ ತವರಲ್ಲಿ ಮಾಳಗಿ ತೆಗೆದು ಪತ್ರಾ ಹಾಕಿದ್ದಾರೆ. 'ಮಧ್ಯಾಹ್ನ ಒಳಗ ಕೂಡಾಕ ಆಗಂಗಿಲ್ಲ. ಮಳಿ ಬಂತಂದ್ರ ಮಾತ ಕೇಳಂಗಿಲ್ಲ' ಎನ್ನುತ್ತಾರೆ. ಪತ್ರಾದ ಇನ್ನೊಂದು ಅಪಾಯ ಗಾಳಿ. ಬೇಸಿಗೆಯ ಅಡ್ಡಮಳೆಯ ಗಾಳಿ ಕೆಳಗಿಂದ ಎತ್ತುತ್ತದೆ. ಹಾರದಿರಲಿ ಎಂದು ಜನ ಮೇಲೆ ಕಲ್ಲು ಇಡುತ್ತಾರೆ. ಗಾಳಿಗೆ ಪತ್ರಾ ಎದ್ದಾಗ ಆ ಕಲ್ಲು ಬೀಳುವುದು ಮಲಗಿದವರ ಮೇಲೆಯೇ. ಪತ್ರಾ ಹಾಕುವುದಾದರೆ ಪೈಪನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹಿಡಿಸಿ, ಹುಕ್ ಬೋಲ್ಟಿನಿಂದ ಬಿಗಿಯಬೇಕು. ಕಲ್ಲು ಇಡಲೇಬಾರದು. ಕೆಳಗೆ ಒಂದು ಫೂಟು ಬಿಟ್ಟು ತಟ್ಟಿ ಅಥವಾ ಹಲಗಿ ಹೊಡೆದು, ನಡುವೆ ಗಾಳಿ ಆಡಲು ಎರಡೂ ತುದಿಗೆ ಕಿಂಡಿ ಬಿಟ್ಟರೆ ಬಿಸಿ ಎಷ್ಟೋ ಕಡಿಮೆ. ಸ್ಲ್ಯಾಬ್ ಕೂಡ ತಂಪಲ್ಲ. ಹಗಲೆಲ್ಲ ಕಾದು ರಾತ್ರಿ ಪೂರ್ತಿ ಕೆಳಗೆ ಬಿಡುತ್ತದೆ. ಅದನ್ನು ಹೊಸ ಮನೆಯವರು ಮೊದಲ ವೈಶಾಖದಲ್ಲಿ ಕಲಿಯುತ್ತಾರೆ.

ಆದ ತೀರ್ಮಾನ

ಸಂಕ್ರಾಂತಿಗೆ ತಮ್ಮ ಬಂದಾಗ ಕುಣಿ ಇನ್ನೂ ತೆರೆದೇ ಇತ್ತು. ಅಣ್ಣ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಎರಡು ಫೂಟು ಮಣ್ಣು ನೋಡಿದ ಮೇಲೆ ತಮ್ಮ ಕೆಡವುವ ಮಾತು ಇನ್ನೂ ಜೋರಾಗಿ ಆಡುತ್ತಾರೆ ಎಂದು ಮನೆಯವರು ಅಂದುಕೊಂಡಿದ್ದರು. ಅವರು ಹಿಂದಿನ ಗೋಡೆಯ ಕಡೆ ಹೋಗಿ ಹೊಟ್ಟೆಯ ಮೇಲೆ ಕೈ ಇಟ್ಟು ನಿಂತರು. 'ವೈನಿ, ನೀವು ಇದರ ಬುಡಕ ಕೂತು ರೊಟ್ಟಿ ಬಡೀತಿದ್ರಿ?' ಎಂದಷ್ಟೇ ಕೇಳಿದರು.

ಹಿಂದಿನ ನಾಲ್ಕು ಅಂಕಣ ಪೂರ್ತಿ ಇಳಿಸುವುದೆಂದಾಯಿತು. ಗೋಡೆಯನ್ನು ಪಾಯಾದಿಂದ ಸಿಮೆಂಟಿನಲ್ಲಿ ಕಟ್ಟಿ, ಮೇಲೆ ಸುತ್ತಲೂ ಸಳಿ ಹಾಕಿದ ಪಟ್ಟಿ ಕೊಟ್ಟು, ಸದ್ಯ ತಟ್ಟಿಯ ಸಮೇತ ಪತ್ರಾ. ಒಂದು ಬದಿಗೆ ಹತ್ತು ಬೈ ಹನ್ನೆರಡರ ಒಂದು ಕೋಣೆಗೆ ಕಾಲಂ ಎಬ್ಬಿಸಿ ಸ್ಲ್ಯಾಬ್. ಅದು ಹುಡುಗನ ಮದುವೆಗೆ. ಅದರ ಖರ್ಚು ತಮ್ಮನದು. ಈ ಕೋಣೆ ಎರಡೂವರೆ ಲಕ್ಷದ ಲೆಕ್ಕದಲ್ಲಿ ಇರಲಿಲ್ಲ, ಬೇಕಿತ್ತೇ ಎಂಬ ಮಾತು ಬಂತು, ಆದರೂ ಯಾರೂ ಬಹಳ ಎಳೆಯಲಿಲ್ಲ. ಮುಂದಿನ ನಾಲ್ಕು ಅಂಕಣ ಮಾಳಗಿಯಾಗಿಯೇ ಉಳಿಯುತ್ತದೆ. ಮಣ್ಣು ಎಂಟು ಇಂಚಿಗೆ ಇಳಿಸಿ, ಹಲಗಿ ತೆರೆದು ನೋಡಿ, ಬೇವಿನ ತಪ್ಪಲು, ಅದರ ಮೇಲೆ ಒಂದು ಪದರ ಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆ, ಮತ್ತೆ ಹಾಳಮಣ್ಣು. ನೀರು ನಿಲ್ಲದಂತೆ ದೋಣಿ ಕಡೆಗೆ ಇಳಿಜಾರು. ಹಿಂದಿನಿಂದ ಇಳಿದ ಕಟ್ಟಿಗೆಯಲ್ಲಿ ಗಟ್ಟಿ ಇದ್ದ ಜಂತಿ ಮುಂದಿನ ಮೂರರ ಜಾಗಕ್ಕೆ, ಉಳಿದದ್ದರಲ್ಲಿ ಕಂಬದ ಮೂಲೆಗೆ ಓರೆ ಆಸರೆ.

ಮಣ್ಣು ಇಳಿಸುವಾಗ ಬಡಿಗ ಒಂದು ಎಚ್ಚರ ಹೇಳಿದ. ಒಂದೇ ಬದಿಯಿಂದ ತೆಗೆಯುತ್ತ ಹೋಗಬಾರದು. ಒಂದು ಕಡೆ ಹಗುರವಾಗಿ ಇನ್ನೊಂದು ಕಡೆ ಭಾರ ಉಳಿದರೆ ಹಳೆ ಚೌಕಟ್ಟು ವಾಲುತ್ತದೆ. ಎರಡೂ ಬದಿಯಿಂದ ನಡುವಿಗೆ, ಒಂದೊಂದು ಗೇಣು. ಕೆಲಸದ ದಿನ ಕೆಳಗೆ ಯಾರೂ ಇರಬಾರದು. ತೊಲಿಗೆ ಕೆಳಗಿನಿಂದ ಬಲ್ಲಿ ಕೊಟ್ಟೇ ಮೇಲೆ ಹತ್ತಬೇಕು.

ಮುಂದಿನ ಮತ್ತು ಹಿಂದಿನ ಮಾಳಗಿಯಿಂದ ಇಳಿದ ಮಣ್ಣು ಹದಿನಾರು ಟ್ರಾಲಿ ಆಯಿತು. ಅರ್ಧ ಹಿತ್ತಲ ತಗ್ಗು ತುಂಬಲು ಹೋಯಿತು. ಉಳಿದದ್ದನ್ನು ಓಣಿಯವರು ಬುಟ್ಟಿ ತಂದು ಒಯ್ದರು, ತಮ್ಮ ಮಾಳಗಿಗೆ ಹಾಕಲು. ಹಾಕುವ ಮುಂಚೆ ಒಂದು ತಗ್ಗು ತೋಡಿ ಅಳೆದು ನೋಡಿ ಎಂದು ಅಣ್ಣ ಹೇಳಿ ಕಳಿಸುತ್ತಿದ್ದರು. ಕೆಲವರು ಅಳೆದರು, ಬಹಳ ಜನ ನಕ್ಕು ಹೊತ್ತುಕೊಂಡು ಹೋದರು.

ಪತ್ರಾ, ಪೈಪು ಸೋಲಾಪುರದಿಂದ ಬರಬೇಕು. ಗೌಂಡಿ ಮಿರಗಕ್ಕೆ ಹದಿನೈದು ದಿನ ಮುಂಚೆ ಕೆಲಸ ಬಿಟ್ಟುಕೊಡುವುದಾಗಿ ಮಾತು ಕೊಟ್ಟಿದ್ದಾರೆ. ನಮೂನಾ 8ರಲ್ಲಿ ತಂದೆಯ ಹೆಸರು ಇಳಿಸಿ ಇಬ್ಬರ ಹೆಸರು ಏರಿಸುವ ಅರ್ಜಿಗೆ ಅಣ್ಣ ಸಹಿ ಹಾಕಿ ಇಟ್ಟಿದ್ದಾರೆ. ತಮ್ಮನ ಸಹಿ ಆಗಬೇಕು. ಯುಗಾದಿಗೆ ಬರುತ್ತೇನೆ ಎಂದಿದ್ದಾರೆ.